ತಂಗಡಿ ಗಿಡದ ಗುಳೆಗಾರರು

ಕರ್ನಾಟಕದ ರಾಜ್ಯ ಚಿಟ್ಟೆ ಯಾವುದು? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯಾರನ್ನಾದರೂ ನಡುರಾತ್ರಿ ಎಬ್ಬಿಸಿ ಕೇಳಿ, ಕಣ್ಣು ಬಿಡದೆಯೇ ಉತ್ತರ ಕೊಡುತ್ತಾರೆ: ಸದರ್ನ್ ಬರ್ಡ್‌ವಿಂಗ್. ಮೈಮೇಲೆ ನಾಡಧ್ವಜದ ಹಳದಿ, ಕೆಂಪು ಎರಡೂ ಇರುವ ದೊಡ್ಡ ಚಿಟ್ಟೆ. ಮೊದಲು ರಾಜ್ಯ ಚಿಟ್ಟೆಯನ್ನು ಘೋಷಿಸಿದ್ದು ಮಹಾರಾಷ್ಟ್ರ, 2015ರಲ್ಲಿ, ಅದು ಬ್ಲೂ ಮಾರ್ಮನ್ ಎಂಬ ಇನ್ನೊಂದು ಅಂಕವನ್ನೂ ಜೊತೆಗೇ ಹೇಳಿಬಿಡುತ್ತಾರೆ. ನಾನೂ ಹಾಗೆಯೇ ಬಾಯಿಪಾಠ ಮಾಡಿದವಳು.

ಆದರೆ ಆ ಬರ್ಡ್‌ವಿಂಗ್ ನಮ್ಮ ಕಡೆಯದಲ್ಲ. ಅದನ್ನು ನೋಡಬೇಕೆಂದರೆ ಯಾದಗಿರಿಯಿಂದ ಇಡೀ ರಾತ್ರಿ ಬಸ್ಸಿನಲ್ಲಿ ಕೂತು ಘಟ್ಟದ ಕಡೆ ಹೋಗಬೇಕು. ಎರೆಮಣ್ಣು, ಬಂಡೆಗುಡ್ಡ, ಮೇ ತಿಂಗಳ ಬೆಂಕಿ ಬಿಸಿಲು ಇರುವ ರಾಜ್ಯದ ಈ 30ನೇ ಜಿಲ್ಲೆಯಲ್ಲಿ ಚಿಟ್ಟೆ ಎಂದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ಬೋನಾಳ ಪಕ್ಷಿಧಾಮಕ್ಕೆ ವಲಸೆ ಹಕ್ಕಿ ಬಂದಿವೆ ಎಂದು ಸುದ್ದಿಯಾದರೆ ಬೈಕ್ ಹತ್ತಿ ಹೋಗಿ ಸೆಲ್ಫಿ ತೆಗೆದುಕೊಂಡು ಬರುತ್ತೇವೆ. ಅದೇ ಬೈಕಿನ ಎದುರಿಗೆ, ಸುರಪುರ ರಸ್ತೆಯ ಎರಡೂ ಬದಿಯಲ್ಲಿ, ಬಿಳಿ ಕಾಗದದ ಚೂರುಗಳಂತೆ ಹಾರಿ ಹೋಗುವ ಇನ್ನೊಂದು ವಲಸೆ ಇದೆ. ಅದಕ್ಕೆ ಯಾರೂ ಬ್ರೇಕ್ ಹಾಕುವುದಿಲ್ಲ.

ಇಂಗ್ಲಿಷಿನಲ್ಲಿ ಇದಕ್ಕೆ ಇಟ್ಟ ಹೆಸರೇ ಎಮಿಗ್ರಂಟ್. ಅಂದರೆ ವಲಸಿಗ, ನಮ್ಮ ಭಾಷೆಯಲ್ಲಿ ಗುಳೆ ಹೋಗುವವ. ಹೆಚ್ಚಾಗಿ ಕಾಣುವವು ಎರಡು ಬಗೆ: ಕಾಮನ್ ಎಮಿಗ್ರಂಟ್ ಮತ್ತು ಮಾಟಲ್ಡ್ ಎಮಿಗ್ರಂಟ್. ವಿಜ್ಞಾನದ ಹೆಸರು ಕ್ಯಾಟೊಪ್ಸಿಲಿಯಾ ಪೊಮೊನಾ, ಕ್ಯಾಟೊಪ್ಸಿಲಿಯಾ ಪೈರ್‍ಯಾಂಥಿ. ಮೊದಲನೆಯದನ್ನು ಆಸ್ಟ್ರೇಲಿಯಾದಲ್ಲಿ ಲೆಮನ್ ಮೈಗ್ರಂಟ್ ಎನ್ನುತ್ತಾರೆ. ಎಲ್ಲಿ ಹೋದರೂ ಅದರ ಹೆಸರಿನಿಂದ ವಲಸೆ ಬಿಟ್ಟುಹೋಗಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಎಲ್ಲವೂ ಪಾತರಗಿತ್ತಿಯೇ.

ನಾನು ಬಿ.ಎಸ್ಸಿ. ಮುಗಿಸಿ ಮೂರು ವರ್ಷವಾಯಿತು. ಊರು ಸುರಪುರ ತಾಲ್ಲೂಕು, ಓದು ಶಹಾಪುರದಲ್ಲಿ. ಬೆಳಿಗ್ಗೆ ಎಂಟಕ್ಕೆ ಹೋಗಿ ಜಾಗ ಹಿಡಿದರೆ ಸಂಜೆಯವರೆಗೆ ಓದುವ ಕೋಣೆಯೊಂದಿದೆ. ಅದರ ಹಿಂದಿನ ಖಾಲಿ ಜಾಗದಲ್ಲಿ ತಂಗಡಿ ಗಿಡ ಹಬ್ಬಿದೆ. ಕೆಲವರು ಇದನ್ನು ಆವರಿಕೆ ಎನ್ನುತ್ತಾರೆ. ನಮ್ಮ ಹೊಲದ ಬದು, ಕೆರೆ ಏರಿ, ಸ್ಮಶಾನದ ಗೋಡೆ, ಎಲ್ಲಿ ಯಾರೂ ಏನೂ ನೆಡಲಿಲ್ಲವೋ ಅಲ್ಲಿ ಅದು ತಾನೇ ಬಂದಿರುತ್ತದೆ. ಆಡು ಸಹ ಅದಕ್ಕೆ ಬೇಗ ಬಾಯಿ ಹಾಕುವುದಿಲ್ಲ. ಹಿಂದೆ ಅದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ನಮ್ಮ ಆಯಿ ಈಗಲೂ ಅದರ ಕಡ್ಡಿ ಮುರಿದು ಹಲ್ಲು ತಿಕ್ಕುತ್ತಾಳೆ. ಗುರುಮಠಕಲ್ ದಾಟಿ ಆ ಕಡೆ ತೆಲಂಗಾಣಕ್ಕೆ ಕಾಲಿಟ್ಟರೆ ಇದೇ ಹೂವಿಗೆ ರಾಜ್ಯ ಪುಷ್ಪದ ಪಟ್ಟ, ಬತುಕಮ್ಮ ಹಬ್ಬದಲ್ಲಿ ಮೊದಲ ಮರ್ಯಾದೆ. ಈ ಕಡೆ ಅದು ಕಸ. ಗಡಿಯ ಒಂದು ಗೆರೆ ಗಿಡದ ಜಾತಕವನ್ನೇ ಬದಲಿಸಿಬಿಡುತ್ತದೆ.

ಮಾಟಲ್ಡ್ ಎಮಿಗ್ರಂಟ್‌ಗೆ ಈ ತಂಗಡಿಯೇ ತವರು. ಮಿರಗದ ಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ಗಿಡದ ತುದಿಗಳಲ್ಲಿ ಎಳೆ ಚಿಗುರು ಬರುತ್ತದೆ. ಆಗ ಹೆಣ್ಣು ಚಿಟ್ಟೆ ಗಿಡದಿಂದ ಗಿಡಕ್ಕೆ ಹಾರುತ್ತಾ, ಒಂದು ಕ್ಷಣ ಎಲೆಯ ಮೇಲೆ ಕಾಲೂರಿ, ಹೊಟ್ಟೆ ಬಾಗಿಸಿ ಹೊರಟುಬಿಡುತ್ತದೆ. ಎಲೆಗಳ ರುಚಿ ನೋಡುವ ಅಂಗ ಅದರ ಕಾಲಿನಲ್ಲಿದೆ. ಕಾಲೂರುವುದೆಂದರೆ ತಂಗಡಿಯೋ ಅಲ್ಲವೋ ಎಂದು ಪರೀಕ್ಷೆ ಮಾಡುವುದು. ಖಾತ್ರಿಯಾದ ಮೇಲೆ ಒಂದು ಮೊಟ್ಟೆ, ಒಂದೇ. ಎಲ್ಲವನ್ನೂ ಒಂದೇ ಕಡೆ ಗುಡ್ಡೆ ಹಾಕುವ ಜಾತಿಯಲ್ಲ. ಬತ್ತದ ಕಾಳು ನೆಟ್ಟಗೆ ನಿಂತಂತೆ ಕಾಣುವ ಬಿಳಿ ಮೊಟ್ಟೆ. ಕಣ್ಣು ಹತ್ತಿರ ಒಯ್ದರೆ ಅದರ ಮೇಲೆ ಉದ್ದುದ್ದ ಗೆರೆಗಳು.

ಮೂರ್ನಾಲ್ಕು ದಿನಕ್ಕೆ ಹುಳ ಹೊರಬರುತ್ತದೆ. ತಂಗಡಿ ಎಲೆಯದೇ ಹಸಿರು. ಮಗ್ಗುಲಲ್ಲಿ ಸಾಲಾಗಿ ಕಪ್ಪು ಚುಕ್ಕಿ, ಅದರ ಕೆಳಗೊಂದು ತಿಳಿ ಗೆರೆ. ಎಲೆಯ ನಡುನರದ ಗುಂಟ ನೀಟಾಗಿ ಮಲಗಿಕೊಂಡರೆ ಎದುರಿಗಿದ್ದರೂ ಕಾಣುವುದಿಲ್ಲ. ನನ್ನ ಜೊತೆ ಓದುವ ಒಬ್ಬಳಿಗೆ ತೋರಿಸಲು ಹೋಗಿ ಐದು ನಿಮಿಷ ಬೇಕಾಯಿತು. ಎರಡು ವಾರ ತಿನ್ನುವುದೇ ಕೆಲಸ. ಹಳೆ ಚರ್ಮ ಬಿಗಿಯಾದಾಗ ಕಳಚುವುದು, ಮತ್ತೆ ತಿನ್ನುವುದು. ಆಮೇಲೆ ಎಲೆಯ ಕೆಳಗೆ ಬಾಲ ಅಂಟಿಸಿ, ಸೊಂಟಕ್ಕೆ ಒಂದು ರೇಷ್ಮೆ ಎಳೆ ಕಟ್ಟಿಕೊಂಡು ಕೋಶವಾಗುತ್ತದೆ. ಅದೂ ತಿಳಿಹಸಿರು, ಮುಂದೆ ಚೂಪು ಮೂತಿ, ಮಡಿಚಿದ ಎಲೆಯೆಂದೇ ಅನಿಸಬೇಕು. ಚಿಟ್ಟೆ ಹೊರಡುವ ಹಿಂದಿನ ರಾತ್ರಿ ಕೋಶದ ಗೋಡೆ ತಿಳಿಯಾಗಿ ಒಳಗಿನ ರೆಕ್ಕೆ ಕಾಣತೊಡಗುತ್ತದೆ. ಬೆಳಿಗ್ಗೆ ಏಳೂವರೆಗೆ ಹೋದವಳಿಗೆ ಒಮ್ಮೆ ಖಾಲಿ ಕೋಶ ಮಾತ್ರ ಸಿಕ್ಕಿತು, ಇನ್ನೊಮ್ಮೆ ಒದ್ದೆ ರೆಕ್ಕೆ ಬಿಚ್ಚುತ್ತಿದ್ದ ಚಿಟ್ಟೆಯೇ ಸಿಕ್ಕಿತು. ಮೊಟ್ಟೆಯಿಂದ ಇಲ್ಲಿಯವರೆಗೆ ಹೆಚ್ಚೂಕಡಿಮೆ ಮೂರೂವರೆ ವಾರ. ನಮ್ಮ ಒಂದು ನೇಮಕಾತಿ ಅಧಿಸೂಚನೆಗೆ ಅರ್ಜಿ ಹಾಕುವ ಅವಧಿ ಮುಗಿಯುವಷ್ಟರಲ್ಲಿ ಅದರ ಒಂದು ಇಡೀ ಬಾಲ್ಯ ಮುಗಿದಿರುತ್ತದೆ.

ಕಾಮನ್ ಎಮಿಗ್ರಂಟ್ ಹೆಚ್ಚಾಗಿ ಮೆಚ್ಚುವುದು ಕಕ್ಕೆ ಮರ ಮತ್ತು ಸೀಮೆ ತಂಗಡಿ. ಸರ್ಕಾರಿ ಕಚೇರಿ, ಶಾಲೆಗಳ ಆವರಣದಲ್ಲಿ ಹಳದಿ ಹೂ ಬಿಡುವ ಆ ಮರಗಳನ್ನು ನೀವು ನೋಡಿಯೇ ಇರುತ್ತೀರಿ. ಇದರದ್ದೊಂದು ತಮಾಷೆಯ ಚರಿತ್ರೆ ಇದೆ. ಇದರಲ್ಲಿ ಒಂದು ರೂಪಕ್ಕೆ ಮೀಸೆ ಕಪ್ಪು, ಇನ್ನೊಂದಕ್ಕೆ ಕೆಂಪು. ರೆಕ್ಕೆಯ ಗುರುತುಗಳೂ ಬೇರೆ. ಹಾಗಾಗಿ ಬಹಳ ಕಾಲ ಇವೆರಡು ಬೇರೆ ಬೇರೆ ಜಾತಿಯ ಚಿಟ್ಟೆಗಳೆಂದು ಎರಡು ಹೆಸರು ಕೊಟ್ಟು ಇಡಲಾಗಿತ್ತು. ಒಂದೇ ತಾಯಿಯ ಮಕ್ಕಳೆಂದು ಗೊತ್ತಾದದ್ದು ಆಮೇಲೆ.

ಈಗ ವಲಸೆಗೆ ಬರೋಣ. ಒಳ್ಳೆ ಮಳೆಯಾದ ವರ್ಷ ತಂಗಡಿ ಚಿಗುರು ಹೆಚ್ಚು, ಹುಳ ಹೆಚ್ಚು, ಹಾಗಾಗಿ ಚಿಟ್ಟೆಯೂ ಹೆಚ್ಚು. ಸಾವಿರಾರು ಹುಳಗಳು ಸೇರಿ ಗಿಡಗಳನ್ನು ಬೋಳು ಮಾಡಿಬಿಟ್ಟರೆ ಮುಂದಿನ ಪೀಳಿಗೆಗೆ ಮೊಟ್ಟೆ ಇಡಲು ಎಳೆ ಎಲೆ ಎಲ್ಲಿ? ಆಗ ಅವು ಹೊರಡುತ್ತವೆ. ಸುಮ್ಮನೆ ಹೂವಿಂದ ಹೂವಿಗೆ ಅಲೆಯುವ ಚಿಟ್ಟೆಗೂ ವಲಸೆ ಹೊರಟ ಚಿಟ್ಟೆಗೂ ವ್ಯತ್ಯಾಸ ಗುರುತಿಸುವುದು ಕಷ್ಟವಲ್ಲ. ಅಲೆಯುವುದು ಅಂಕುಡೊಂಕು ಹಾರುತ್ತದೆ, ನಿಲ್ಲುತ್ತದೆ, ತಿರುಗಿ ಬರುತ್ತದೆ. ವಲಸೆ ಹೊರಟದ್ದು ನೆಟ್ಟಗೆ ಹಾರುತ್ತದೆ. ಎದುರಿಗೆ ಗೋಡೆ ಬಂದರೆ ಬದಿಗೆ ಸರಿಯುವುದಿಲ್ಲ, ಗೋಡೆ ಹತ್ತಿ ಇಳಿದು ಅದೇ ದಿಕ್ಕು ಹಿಡಿಯುತ್ತದೆ. ಹೋದ ವರ್ಷ ಸುರಪುರದ ಗುಡ್ಡದ ಕೆಳಗೆ ಒಂದು ಟೀ ಅಂಗಡಿಯಲ್ಲಿ ನಿಂತಿದ್ದಾಗ ಇದನ್ನು ಸರಿಯಾಗಿ ಕಂಡೆ. ರಸ್ತೆಯಾಚೆ ನಿಂತಿದ್ದ ಹತ್ತಿ ಲಾರಿಯ ಎತ್ತರಕ್ಕೆ ಏರಿ, ದಾಟಿ, ಮತ್ತೆ ಆಳೆತ್ತರಕ್ಕೆ ಇಳಿದು ಒಂದರ ಹಿಂದೊಂದು ಪಡುವಣಕ್ಕೆ ಹೋಗುತ್ತಿದ್ದವು. ನೂರು ದಾಟುವವರೆಗೆ ಎಣಿಸಿ ಬಿಟ್ಟೆ. ಅಂಗಡಿಯವರು ‘ಏನ್ ನೋಡ್ಲಕತ್ತೀರಿ ಮೇಡಂ, ಮ್ಯಾಲೇನದ?’ ಎಂದು ತಾವೂ ಹೊರಗೆ ಬಂದು ನೋಡಿದರು. ಇಪ್ಪತ್ತು ವರ್ಷದಿಂದ ಅಲ್ಲಿ ಟೀ ಮಾಡುತ್ತಿದ್ದಾರಂತೆ, ‘ದಿನಾ ಹೋಗ್ತಿರ್ತಾವ, ಎಲ್ಲಿಗಿ ಅಂತ ಯಾರ್ ಕೇಳ್ಯಾರ’ ಅಂದರು.

ಕೇಳಿದವರು ಇದ್ದಾರೆ. ಸಿ.ಬಿ. ವಿಲಿಯಮ್ಸ್ ಎಂಬ ಇಂಗ್ಲಿಷ್ ವಿಜ್ಞಾನಿ 1930ರಲ್ಲಿಯೇ ಜಗತ್ತಿನಾದ್ಯಂತದ ಇಂಥ ಹಾರಾಟಗಳನ್ನು ಒಟ್ಟುಹಾಕಿ ಚಿಟ್ಟೆ ವಲಸೆಯ ಮೇಲೊಂದು ಪುಸ್ತಕ ಬರೆದರು. ಶ್ರೀಲಂಕಾದಲ್ಲಿ ಜನ ಅದಕ್ಕೂ ಮೊದಲೇ ಉತ್ತರ ಕಂಡುಕೊಂಡಿದ್ದರು. ಅಲ್ಲಿ ಗುಂಪುಗಟ್ಟಿ ಹಾರುವ ಈ ಚಿಟ್ಟೆಗಳು ಶ್ರೀಪಾದ ಬೆಟ್ಟಕ್ಕೆ ಯಾತ್ರೆ ಹೋಗುತ್ತವೆ ಎಂಬ ನಂಬಿಕೆ ಇದೆ. ಆ ಬೆಟ್ಟಕ್ಕೆ ಸಮನಲಕಂದ ಎಂಬ ಹೆಸರೂ ಇದೆ, ಅಂದರೆ ಚಿಟ್ಟೆ ಬೆಟ್ಟ. ತಿಂಥಣಿ ಮೌನೇಶ್ವರ ಜಾತ್ರೆಗೆ ಬುತ್ತಿ ಕಟ್ಟಿಕೊಂಡು ಸಾಲಾಗಿ ನಡೆದು ಹೋಗುವವರನ್ನು ಕಂಡ ನಮಗೆ ಈ ಕಲ್ಪನೆ ವಿಚಿತ್ರವೇನೂ ಅನಿಸದು.

ದಕ್ಷಿಣ ಭಾರತದಲ್ಲಿ ಇದಕ್ಕಿಂತ ದೊಡ್ಡ, ಇದಕ್ಕಿಂತ ಶಿಸ್ತಿನ ವಲಸೆ ಇನ್ನೊಂದು ಕುಟುಂಬದ್ದು. ಡಾರ್ಕ್ ಬ್ಲೂ ಟೈಗರ್, ಬ್ಲೂ ಟೈಗರ್, ಕಾಮನ್ ಕ್ರೋ, ಡಬಲ್ ಬ್ರಾಂಡೆಡ್ ಕ್ರೋ. ಮೊದಲೆರಡು ಕಪ್ಪು ಮೈಮೇಲೆ ತಿಳಿನೀಲಿ ಪಟ್ಟೆಯವು, ಕೊನೆಯೆರಡು ಕಾಗೆಯಂತೆ ಕಂದುಗಪ್ಪು. ಮುಂಗಾರು ಇನ್ನೇನು ಘಟ್ಟಕ್ಕೆ ಅಪ್ಪಳಿಸಬೇಕು ಎನ್ನುವ ಏಪ್ರಿಲ್-ಮೇ-ಜೂನ್ ಹೊತ್ತಿಗೆ ಇವು ಪಶ್ಚಿಮಘಟ್ಟ ಬಿಟ್ಟು ಮೂಡಣದ ಬಯಲು, ಪೂರ್ವಘಟ್ಟಗಳ ಕಡೆ ಹೊರಡುತ್ತವೆ. ಘಟ್ಟದ ಆ ಜಡಿಮಳೆಯಲ್ಲಿ ಚಿಟ್ಟೆ ಬದುಕುವುದು ಕಷ್ಟ. ಅದೇ ಹೊತ್ತಿಗೆ ಬಯಲಲ್ಲಿ ಹದ ಮಳೆ, ಹೊಸ ಚಿಗುರು. ಬಯಲಲ್ಲಿ ಮಕ್ಕಳು-ಮರಿ ಮಾಡಿ, ಚಿತ್ತಿ-ಸ್ವಾತಿ ಮಳೆಯ ಹೊತ್ತಿಗೆ, ಅಂದರೆ ಅಕ್ಟೋಬರ್-ನವೆಂಬರಿನಲ್ಲಿ, ಹೊಸ ಪೀಳಿಗೆ ತಿರುಗಿ ಘಟ್ಟಕ್ಕೆ ಹೋಗುತ್ತದೆ. ಬಯಲು ಒಣಗುವ ಬೇಸಿಗೆಯನ್ನು ಅಲ್ಲಿನ ತಂಪು ಕಣಿವೆಗಳಲ್ಲಿ ಕೊಂಬೆಗಳಿಗೆ ಗೊಂಚಲು ಗೊಂಚಲಾಗಿ ಜೋತುಬಿದ್ದು ಕಳೆಯುತ್ತದೆ. ಒಂದು ದಿಕ್ಕಿನ ಪ್ರಯಾಣವೇ ಸುಮಾರು 350ರಿಂದ 500 ಕಿಲೋಮೀಟರ್. ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯ ಕೃಷ್ಣಮೇಘ ಕುಂಟೆ ಅವರು ಈ ವಲಸೆಗಳನ್ನು ದಾಖಲಿಸಿ 2005ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ವಲಸೆಯ ದಿನಗಳಲ್ಲಿ ಹೆಣ್ಣುಗಳು ಮೊಟ್ಟೆ ಬೆಳೆಸುವ ಕೆಲಸವನ್ನೇ ಮುಂದೂಡುತ್ತವೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಮೈಯಲ್ಲಿರುವ ಕಸುವೆಲ್ಲ ಮೊದಲು ಹಾರಾಟಕ್ಕೆ, ಸಂಸಾರ ಆಮೇಲೆ. ನನ್ನ ವಯಸ್ಸಿನ ಹುಡುಗಿಯರ ಮನೆಗೆ ಬರುವ ನೆಂಟರಿಗೆ ಇದನ್ನು ಯಾರಾದರೂ ಹೇಳಬೇಕು.

ಈ ಕುಟುಂಬದ ಚಿಟ್ಟೆಗಳು ಹಕ್ಕಿಗೆ ಹೆದರಿ ಓಡುವುದಿಲ್ಲ, ನಿಧಾನಕ್ಕೆ ತೇಲುತ್ತವೆ. ಅದಕ್ಕೆ ಕಾರಣ ವಿಷ. ಇವುಗಳ ಹುಳಗಳು ತಿನ್ನುವುದು ಹೆಚ್ಚಾಗಿ ಹಾಲು ಬರುವ ಗಿಡಗಳನ್ನು. ಆ ಹಾಲಿನ ವಿಷ ಹುಳದ ಮೈಗೆ ಸೇರಿ ಚಿಟ್ಟೆಯಲ್ಲೂ ಉಳಿಯುತ್ತದೆ. ಒಮ್ಮೆ ತಿಂದು ಕಕ್ಕಿದ ಹಕ್ಕಿ ಇನ್ನೊಮ್ಮೆ ಆ ಬಣ್ಣದ ಹತ್ತಿರ ಸುಳಿಯುವುದಿಲ್ಲ. ನಮ್ಮೂರ ತಿಪ್ಪೆಯ ಪಕ್ಕದ ಎಕ್ಕದ ಗಿಡದಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ ನೋಡಿದ್ದರೆ ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಇದರ ಹೆಸರು ಹೇಳಿ ಹೊಟ್ಟೆ ಹೊರೆಯುವ ಇನ್ನೊಂದು ಚಿಟ್ಟೆಯೂ ಇದೆ: ಡನೈಡ್ ಎಗ್‌ಫ್ಲೈ. ಅದರ ಹುಳ ಗೋಳಿಪಲ್ಯ ತಿಂದು ಬೆಳೆಯುವ ಬಡಪಾಯಿ, ಮೈಯಲ್ಲಿ ವಿಷವಿಲ್ಲ. ಆದರೆ ಹೆಣ್ಣು ಚಿಟ್ಟೆಯಾದಾಗ ಅಚ್ಚು ಪ್ಲೇನ್ ಟೈಗರಿನಂತೆ ಕಿತ್ತಳೆ ಬಣ್ಣ ಹೊದ್ದು ಬರುತ್ತದೆ. ಹಕ್ಕಿ ಮೋಸ ಹೋಗುತ್ತದೆ.

ಹೆದ್ದಾರಿ ನಡುವಿನ ಡಿವೈಡರಿನಲ್ಲಿ ಕಣಗಿಲ ನೆಟ್ಟಿರುತ್ತಾರಲ್ಲ, ಅದರ ಎಲೆ ತಿರುಗಿಸಿ ನೋಡಿ. ಮೈಮೇಲೆ ಕಪ್ಪು ಕೊಂಬಿನಂಥ ನಾಲ್ಕು ಜೊತೆ ಎಳೆಗಳಿರುವ ಹುಳ ಸಿಕ್ಕರೆ ಅದು ಕಾಮನ್ ಕ್ರೋ. ಅದರ ಕೋಶವನ್ನು ಮೊದಲ ಸಲ ಕಂಡವರು ಯಾರೋ ಬೆಳ್ಳಿಯ ಕಿವಿಯೋಲೆ ನೇತುಹಾಕಿದ್ದಾರೆಂದೇ ತಿಳಿಯುತ್ತಾರೆ. ಮುಖ ಕಾಣುವಷ್ಟು ಹೊಳಪು. ಅಷ್ಟು ಡೀಸೆಲ್ ಹೊಗೆ, ಧೂಳಿನ ನಡುವೆ ಆ ಹೊಳಪು ಹೇಗೆ ಉಳಿಯುತ್ತದೋ.

ಗಂಡು ಚಿಟ್ಟೆಗಳಿಗೆ ಇನ್ನೊಂದು ಚಪಲ. ಒಣಗಿದ ಗಿಲಿಗಿಚ್ಚಿ ಗಿಡ, ಸೆಣಬಿನ ಮುರಿದ ಕಾಂಡಗಳ ಮೇಲೆ ಬ್ಲೂ ಟೈಗರ್‌ಗಳು ಜೇನು ಮುತ್ತಿದಂತೆ ಮುತ್ತಿರುವುದನ್ನು ಕೆಲವರಾದರೂ ಕಂಡಿರಬಹುದು. ಹೂವಿಲ್ಲ, ಮಕರಂದವಿಲ್ಲ. ಆ ಗಿಡಗಳ ರಸದಲ್ಲಿರುವ ಒಂದು ಬಗೆಯ ಕಹಿ ರಾಸಾಯನಿಕ ಅವಕ್ಕೆ ಬೇಕು. ಅದರಿಂದ ಅವು ಹೆಣ್ಣನ್ನು ಒಲಿಸುವ ಸುಗಂಧ ತಯಾರಿಸುತ್ತವೆ. ಎಮಿಗ್ರಂಟ್ ಗಂಡುಗಳದ್ದು ಬೇರೆ ದಾರಿ. ಕಾಲುವೆಯಂಚಿನ ಹಸಿ ಮಣ್ಣು, ದನ ಉಚ್ಚೆ ಹೊಯ್ದ ಜಾಗದಲ್ಲಿ ರೆಕ್ಕೆ ಮಡಿಚಿ ಸಾಲಾಗಿ ಕೂತು ಉಪ್ಪು ಹೀರುತ್ತವೆ. ಆ ಉಪ್ಪಿನಂಶದ ಒಂದು ಪಾಲು ಕೂಡುವಾಗ ಹೆಣ್ಣಿಗೆ ಉಡುಗೊರೆ, ಅಲ್ಲಿಂದ ಮೊಟ್ಟೆಗೆ.

ದಾರಿ ಹೇಗೆ ಗೊತ್ತಾಗುತ್ತದೆ? ಇದರ ಬಗ್ಗೆ ಹೆಚ್ಚು ತಿಳಿದಿರುವುದು ಅಮೆರಿಕದ ಮೊನಾರ್ಕ್ ಚಿಟ್ಟೆಯಿಂದ, ನಮ್ಮ ಎಕ್ಕದ ಗಿಡದ ಪ್ಲೇನ್ ಟೈಗರಿನ ಹತ್ತಿರದ ಬಂಧು ಅದು. ಕೆನಡಾ, ಅಮೆರಿಕದಿಂದ ಸಾವಿರಾರು ಕಿಲೋಮೀಟರ್ ಹಾರಿ ಅವು ಮೆಕ್ಸಿಕೊದ ಬೆಟ್ಟದ ಕಾಡಿನಲ್ಲಿ ಚಳಿಗಾಲ ಕಳೆಯುವ ಜಾಗ ವಿಜ್ಞಾನಿಗಳಿಗೆ ತಿಳಿದದ್ದೇ 1975ರಲ್ಲಿ. ಅವು ಸೂರ್ಯನನ್ನು ನೋಡಿ ದಿಕ್ಕು ಹಿಡಿಯುತ್ತವೆ. ಆದರೆ ಸೂರ್ಯ ಒಂದೇ ಕಡೆ ನಿಲ್ಲುವುದಿಲ್ಲವಲ್ಲ, ಬೆಳಿಗ್ಗೆ ಎಡಕ್ಕಿದ್ದವನು ಸಂಜೆ ಬಲಕ್ಕೆ. ಹಾಗಾಗಿ ಗಡಿಯಾರವೂ ಬೇಕು. ಆ ಗಡಿಯಾರ ಮೀಸೆಯಲ್ಲಿದೆ ಎಂದು 2009ರಲ್ಲಿ ಗೊತ್ತಾಯಿತು. ಮೀಸೆಗೆ ಬೆಳಕು ಹೋಗದಂತೆ ಕಪ್ಪು ಬಣ್ಣ ಬಳಿದರೆ ಚಿಟ್ಟೆ ತಪ್ಪು ದಿಕ್ಕು ಹಿಡಿಯಿತು. ಅಷ್ಟು ತೆಳ್ಳನೆಯ ಎರಡು ಕಡ್ಡಿಗಳಲ್ಲಿ ದಿಕ್ಸೂಚಿಯ ಗಡಿಯಾರ!

ಪೇಂಟೆಡ್ ಲೇಡಿ ಎಂಬ ಇನ್ನೊಂದು ಚಿಟ್ಟೆ ಭಾರತದಲ್ಲೂ ಇದೆ, ಜಗತ್ತಿನ ಬಹುಭಾಗದಲ್ಲೂ ಇದೆ. ಅದು ಆಫ್ರಿಕಾದಿಂದ ಯುರೋಪಿನ ಉತ್ತರದ ತುದಿಗೆ ಹೋಗಿ ಬರುತ್ತದೆ. 2013ರ ಅಕ್ಟೋಬರಿನಲ್ಲಿ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾ ಕಡಲತೀರದಲ್ಲಿ, ಎಂದೂ ಇರಬಾರದ ಜಾಗದಲ್ಲಿ, ಹರಿದ ರೆಕ್ಕೆಯ ಕೆಲವು ಪೇಂಟೆಡ್ ಲೇಡಿಗಳು ಜೆರಾರ್ಡ್ ತಲಾವೆರಾ ಎಂಬ ವಿಜ್ಞಾನಿಯ ಕಣ್ಣಿಗೆ ಬಿದ್ದವು. ಮೈಗಂಟಿದ್ದ ಪರಾಗ, ವಂಶವಾಹಿ, ಗಾಳಿಯ ದಿಕ್ಕು ಎಲ್ಲವನ್ನೂ ತಾಳೆ ಹಾಕಿ, ಅವು ಪಶ್ಚಿಮ ಆಫ್ರಿಕಾದಿಂದ ಅಟ್ಲಾಂಟಿಕ್ ಸಾಗರದ ಮೇಲೆ 4,200 ಕಿಲೋಮೀಟರ್ ಹಾರಿ ಬಂದಿದ್ದವೆಂದು 2024ರಲ್ಲಿ ಪ್ರಕಟಿಸಿದರು. ಹನ್ನೊಂದು ವರ್ಷ ಒಂದು ಪ್ರಶ್ನೆಯನ್ನು ಬಿಡದೆ ಹಿಡಿದವರಿದ್ದಾರೆ. ನಾವು ಪಿಡಿಒ, ಎಫ್‌ಡಿಎ ಎಂದು ಮೂರು ವರ್ಷ ಓದಿದರೆ ಊರವರು ಮುಖ ನೋಡಿ ನಗುತ್ತಾರೆ.

ಹೊರಟ ಚಿಟ್ಟೆಯೇ ತಿರುಗಿ ಬರುವುದು ಅಪರೂಪ. ಬರುವುದು ಅದರ ಮಕ್ಕಳು, ಮೊಮ್ಮಕ್ಕಳು. ಇದನ್ನು ಓದಿದಾಗ ನನಗೆ ನಮ್ಮ ಓಣಿಯ ಹುಡುಗರು ನೆನಪಾದರು, ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ ಹುಟ್ಟಿ, ಜಾತ್ರೆಗೆ ಮಾತ್ರ ಊರು ನೋಡುವವರು. ನನ್ನ ಅಪ್ಪ, ಅವ್ವ ದೀಪಾವಳಿ ಮುಗಿಸಿ ಬೆಂಗಳೂರಿಗೆ ಹೋಗುತ್ತಾರೆ, ಮಿರಗಕ್ಕೆ ಬರುತ್ತಾರೆ. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಹೀಗೆಯೇ. ಆದರೂ ಗುಳೆಯನ್ನು ಚಿಟ್ಟೆಗೆ ಹೋಲಿಸಿ ಕವಿತೆ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಚಿಟ್ಟೆ ಮುಂಗಡ ತೆಗೆದುಕೊಂಡು ಹೊರಡುವುದಿಲ್ಲ. ಗುತ್ತಿಗೆದಾರನ ಲೆಕ್ಕದ ಪುಸ್ತಕದಲ್ಲಿ ಅದರ ಹೆಸರಿಲ್ಲ. ಓದು ಬಿಟ್ಟು ತಮ್ಮನನ್ನು ನೋಡಿಕೊಳ್ಳಲು ಹಿಂದೆ ಉಳಿಯುವ ಚಿಟ್ಟೆ ಹುಡುಗಿ ಯಾರೂ ಇಲ್ಲ. ಅದು ಹೋಗುವುದು ಅದರ ಹುಟ್ಟುಗುಣ. ನಾವು ಹೋಗುವುದು ಊರಲ್ಲಿ ಕೆಲಸವಿಲ್ಲದ್ದಕ್ಕೆ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ನೀರು ಸಿಕ್ಕ ಹೊಲಗಳಲ್ಲಿ ಬತ್ತ ಬೆಳೆದವರು ಉಳಿದರು, ಕಾಲುವೆ ಮುಟ್ಟದ ಹೊಲದವರು ಬಸ್ಸು ಹತ್ತುವುದು ನಿಲ್ಲಲಿಲ್ಲ.

ಎರಡು ಗುಳೆಗಳೂ ಒಮ್ಮೆ ನಮ್ಮೂರ ಕೆರೆ ಏರಿಯ ಮೇಲೆ ಮುಖಾಮುಖಿಯಾದವು. ಎರಡು ವರ್ಷದ ಹಿಂದೆ ಉದ್ಯೋಗ ಖಾತ್ರಿಯಲ್ಲಿ ಏರಿ ಸ್ವಚ್ಛ ಮಾಡುವ ಕೆಲಸ ಬಂತು. ಆ ಕೆಲಸದಿಂದ ಅವ್ವ ಆ ಸಲ ಒಂದೂವರೆ ತಿಂಗಳು ಹೆಚ್ಚು ಊರಲ್ಲಿ ಉಳಿದಳು. ಏರಿಯ ತುಂಬಾ ಇದ್ದದ್ದು ತಂಗಡಿ ಮತ್ತು ಜಾಲಿ. ಕಡಿಯಬೇಕಾದದ್ದು ಅದನ್ನೇ. ತಂಗಡಿ ತುಂಬ ಹುಳ ಇದ್ದವು. ನಾನು ಅವ್ವನಿಗೆ ಎಲೆ ಹಿಡಿದು ತೋರಿಸಿದೆ. ಅವಳು ಕುಡುಗೋಲು ಕೆಳಗಿಟ್ಟು ನೋಡಿದಳು, ನಕ್ಕಳು. ‘ಚೆಂದ ಅದ ಯವ್ವಾ. ಆದ್ರ ಗಿಡ ಕಡದ್ರ ಕೂಲಿ, ಬಿಟ್ರ ಪಾತರಗಿತ್ತಿ. ಹೊಟ್ಟಿಗಿ ಯಾವ್ದ್ ಹಾಕೋಣ ಹೇಳು?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಪ್ರಶ್ನೆಗೆ ಅವಸರದ ಉತ್ತರ ಕೊಡುವ ಪರಿಸರ ಭಾಷಣಗಳನ್ನು ಅಂದಿನಿಂದ ನಾನು ಸ್ವಲ್ಪ ಅನುಮಾನದಿಂದಲೇ ಕೇಳುತ್ತೇನೆ.

ಉತ್ತರ ಕೊಟ್ಟದ್ದು ಗಿಡ. ಕುಡುಗೋಲು, ಕೊಡಲಿಯಿಂದ ಕಡಿದಾಗ ಬುಡ ನೆಲದಲ್ಲೇ ಉಳಿದಿತ್ತು. ಮುಂದಿನ ಮಳೆಗೆ ಪ್ರತಿ ಬುಡದಿಂದ ಐದಾರು ಹೊಸ ಕವಲು, ಎಲ್ಲವೂ ಎಳೆ ಎಲೆ. ಎಮಿಗ್ರಂಟ್ ಮೊಟ್ಟೆ ಇಡಲು ಹುಡುಕುವುದೇ ಎಳೆ ಎಲೆಯನ್ನು. ಆ ವರ್ಷ ಏರಿಯ ಮೇಲೆ ಮೊದಲಿಗಿಂತ ಹೆಚ್ಚು ಮೊಟ್ಟೆ ಕಂಡೆ. ಅದೇ ವರ್ಷ ಊರ ಹೊರಗಿನ ರಸ್ತೆ ಬದಿಯನ್ನು ಜೆಸಿಬಿಯಿಂದ ಬಳಿದರು. ಒಂದೇ ಮುಂಜಾನೆಯ ಕೆಲಸ, ಇಬ್ಬರಿಗೆ ಕೂಲಿ. ತಂಗಡಿ ಬೇರುಸಹಿತ ಹೋಯಿತು. ಆ ಜಾಗಕ್ಕೆ ಈಗ ಬಂದಿರುವುದು ಬಳ್ಳಾರಿ ಜಾಲಿ, ಅದರ ಎಲೆಯನ್ನು ಈ ಚಿಟ್ಟೆಯ ಹುಳ ಮೂಸಿಯೂ ನೋಡುವುದಿಲ್ಲ. ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಕೂಲಿಯ ಬದಲು ಯಂತ್ರ ಬಳಸಬಾರದು ಎಂಬ ನಿಯಮ ಇದ್ದದ್ದು ಜನರ ಕೂಲಿ ಉಳಿಸಲು. ತಂಗಡಿಯ ಬುಡವೂ ಅದರಿಂದ ಉಳಿಯುತ್ತದೆಂದು ಬರೆದವರಿಗೂ ಹೊಳೆದಿರಲಿಕ್ಕಿಲ್ಲ. ಪರೀಕ್ಷೆಗೆ ಓದುವವರು ಆ ನಿಯಮವನ್ನು ಅಂಕಕ್ಕಾಗಿ ಓದಿರುತ್ತೀರಿ. ಮುಂದೆ ಯಾವುದೋ ಪಂಚಾಯಿತಿಯ ಕುರ್ಚಿಯಲ್ಲಿ ಕೂತಾಗ ಜೆಸಿಬಿ ಬಿಲ್ಲು ನಿಮ್ಮ ಮುಂದೆಯೂ ಬರುತ್ತದೆ.

ಹತ್ತಿ ಹೊಲದ ಔಷಧಿಯದ್ದು ಇನ್ನೊಂದು ಕಥೆ. ಬದುವಿನ ತಂಗಡಿಯ ಮೇಲೂ ಎಣ್ಣೆ ಬೀಳುತ್ತದೆ. ಹೊಡೆದ ಮರುದಿನ ಹುಳಗಳು ಎಲೆಯಿಂದ ಕಳಚಿ ನೆಲದ ಮೇಲೆ ಸುರುಟಿ ಬಿದ್ದಿರುತ್ತವೆ. ಹೊಲದವರಿಗೆ ಇದನ್ನು ಹೇಳಿದರೆ, ಹೊಡೆಯುವ ನಮಗೇ ತಲೆಸುತ್ತು ಬರುತ್ತದೆ, ಹುಳದ ಮಾತೇನು ಎನ್ನುತ್ತಾರೆ. ಅದೂ ನಿಜವೇ.

ಈಗ ನಾವು ಮೂವರು ಗೆಳತಿಯರು ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಕೆಲಸ ಸರಳ. ಎರಡು ಗುರುತು ಹಿಡಿದುಕೊಳ್ಳಬೇಕು, ಒಂದು ವಿದ್ಯುತ್ ಕಂಬ, ಒಂದು ಬೇವಿನ ಮರ ಎಂದಿಟ್ಟುಕೊಳ್ಳಿ. ಅವುಗಳ ನಡುವಿನ ಕಾಣದ ಗೆರೆಯನ್ನು ಹದಿನೈದು ನಿಮಿಷದಲ್ಲಿ ಎಷ್ಟು ಚಿಟ್ಟೆ ದಾಟಿದವು, ಯಾವ ಜಾತಿ, ಯಾವ ದಿಕ್ಕಿಗೆ, ಗಾಳಿ ಎತ್ತ ಬೀಸುತ್ತಿತ್ತು. ದಿಕ್ಕಿಗೆ ಮೊಬೈಲಿನ ಕಂಪಾಸ್ ಸಾಕು. ಬೆಳಿಗ್ಗೆ ಎಂಟರಿಂದ ಹನ್ನೊಂದು ಒಳ್ಳೆಯ ಹೊತ್ತು, ರೆಕ್ಕೆ ಬಿಸಿಲಿಗೆ ಕಾದಿರುತ್ತದೆ, ಬಿಸಿಲು ಇನ್ನೂ ಸುಡುವುದಿಲ್ಲ. ಫೋಟೊ ಸಿಕ್ಕರೆ ಐನ್ಯಾಚುರಲಿಸ್ಟ್‌ನಲ್ಲಿ ಹಾಕುತ್ತೇವೆ, ಹೆಸರು ಗೊತ್ತಿಲ್ಲದಿದ್ದರೆ ಬೇರೆ ಯಾರೋ ಹೇಳುತ್ತಾರೆ. ಘಟ್ಟದ ಜಿಲ್ಲೆಗಳ ಚಿಟ್ಟೆ ದಾಖಲೆಗಳಿಗೆ ಹೋಲಿಸಿದರೆ ನಮ್ಮ ಕಡೆಯವು ಬಹಳ ಕಡಿಮೆ. ಘಟ್ಟ ಬಿಟ್ಟು ಬಯಲಿಗೆ ಬರುವ ಚಿಟ್ಟೆ ಬಯಲಲ್ಲಿ ಏನು ಮಾಡುತ್ತದೆ ಎಂಬುದನ್ನು ಬಯಲಿನವರೇ ಬರೆದಿಡಬೇಕಲ್ಲ.

ಈ ಅಕ್ಟೋಬರಿನಲ್ಲಿ ಒಂದು ಪುಟ ಯಾದಗಿರಿ ಕೋಟೆ ಗುಡ್ಡದ ಬುಡದ್ದು, ಒಂದು ಭೀಮಾ ಸೇತುವೆಯದ್ದು, ಮೂರು ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಕಡೆಯವು. ಕೆರೆ ಏರಿಯ ಪುಟ ಅವ್ವನದ್ದು. ಅವಳಿಗೆ ಜಾತಿಯ ಹೆಸರು ಬಾರದು. ಬಿಳೇದು, ನೀಲಿದು, ಕರೇದು ಎಂದು ಮೂರು ಸಾಲು ಹಾಕಿಕೊಟ್ಟಿದ್ದೇನೆ, ದಾಟಿದ ಪ್ರತಿಯೊಂದಕ್ಕೆ ಒಂದು ಗೀಟು ಎಳೆಯುತ್ತಾಳೆ. ದೀಪಾವಳಿ ಆಗಿ ಐದನೇ ದಿನಕ್ಕೆ ಬೆಂಗಳೂರಿನ ಬಸ್ಸು. ಅಲ್ಲಿಯವರೆಗಿನ ಗೀಟುಗಳು ಸದ್ಯ ಪುಟದಲ್ಲಿವೆ, ಉಳಿದ ಪುಟ ಆಯಿಗೆ ಕೊಟ್ಟು ಹೋಗುತ್ತಾಳಂತೆ.